ಶನಿವಾರದ ಸುತ್ತು

ಹೇಳಬೇಕಾಗಿದ್ದದ್ದು ಒಂದೇ ಒಂದು ವಾಕ್ಯ. ಆ ಹುಡುಗಿಯನ್ನು ಇವತ್ತು ಸುತ್ತಿನ ನಡುವೆ ನಿಲ್ಲಿಸಬೇಡಿ. ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೋ ಹತ್ತಿದಾಗಿನಿಂದ ದಾನೇಶ್ವರಿ ಅದನ್ನು ಹುಣಸೆಬೀಜದ ಹಾಗೆ ಬಾಯೊಳಗೆ ಹೊರಳಿಸುತ್ತಿದ್ದಳು, ಉಗುಳಲೂ ಆಗದೆ ನುಂಗಲೂ ಆಗದೆ. ನಿಲ್ಲಿಸಬೇಡಿ ಅಂದರೆ ಅಪ್ಪಣೆ ಕೊಟ್ಟ ಹಾಗಾಯಿತು, ಅವಳೇನು ಅವರ ಮೇಲಧಿಕಾರಿಯಲ್ಲ. ನಿಲ್ಲಿಸದಿದ್ದರೆ ಒಳ್ಳೆಯದಿತ್ತೇನೋ ಅಂದರೆ ಸುತ್ತು ನಡೆಸುವ ಶಶಿಕುಮಾರ್ ನಗುನಗುತ್ತಾ ‘ಯಾಕೆ ಮೇಡಂ?’ ಅನ್ನುತ್ತಾನೆ, ಆ ಯಾಕೆಗೆ ಉತ್ತರ ಕೊಡಬೇಕಾಗುತ್ತದೆ. ಇಂಗ್ಲಿಷಿನಲ್ಲಾದರೆ ಸಲೀಸು, ಇಂಗ್ಲಿಷಿನಲ್ಲಿ ಯಾರೂ ಯಾರನ್ನೂ ನಿಲ್ಲಿಸುವುದಿಲ್ಲ, ಎಲ್ಲ ತಾನಾಗಿಯೇ ನಡೆದುಹೋಗಿರುತ್ತದೆ. ಮೆಟ್ರೋದ ಹೆಣ್ಣುದನಿ ಮುಂದಿನ ನಿಲ್ದಾಣದ ಹೆಸರು ಹೇಳಿತು. ಎಷ್ಟು ನಯವಾದ ಕನ್ನಡ, ಯಾವ ಊರಿನದೂ ಅಲ್ಲದ್ದು. ಆ ದನಿಗೆ ತಾಯಿ ಇಲ್ಲ, ಓಣಿ ಇಲ್ಲ, ಅದು ಯಾರ ಮನೆಯಲ್ಲೂ ಉಂಡಿಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಬಸ್ಸಿನಲ್ಲಿ ‘ಚೂರು ಅತ್ತಾಗ ಸರೀರಿ’ ಅಂದದ್ದಕ್ಕೆ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ತುಟಿ ಕಚ್ಚಿಕೊಂಡಿದ್ದರು. ಆಮೇಲೆ ದಾನೇಶ್ವರಿ ತನ್ನ ಬಾಯಿಗೂ ಅಂಥದೇ ಒಂದು ದನಿಯನ್ನು ಹೊಂದಿಸಿಕೊಂಡಿದ್ದಳು. ಈಗ ಅದು ಎಷ್ಟು ಚೆನ್ನಾಗಿ ಕೂತಿದೆಯೆಂದರೆ ಅದರಲ್ಲಿ ಏನನ್ನೂ ಹೇಳಲಾಗುವುದಿಲ್ಲ.

ಆ ಹುಡುಗಿ ಕೇಳಿದ್ದು ಗುರುವಾರ, ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ. ಉಳಿದವರೆಲ್ಲ ಹೋಗಲೆಂದು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಾ ಕಾದಿದ್ದಳು. ನಲ್ಲಿ ನಿಲ್ಲಿಸಿರಲಿಲ್ಲ, ಮಾತಿಗೆ ನೀರಿನ ಸದ್ದಿನ ಮರೆ ಬೇಕಾಗಿತ್ತು. “ಅಕ್ಕಾರ, ಶನಿವಾರ ನನ್ನ ನಡುವ ನಿಲ್ಲಸಬ್ಯಾಡ್ರಿ ಅಂತ ಸರ್ರಿಗೆ ಹೇಳ್ತೀರೇನ್ರಿ?” ದಾನೇಶ್ವರಿ ಯೋಚಿಸದೆ “ಹೇಳ್ತೀನಿ” ಅಂದಿದ್ದಳು. “ಖರೇನ?” “ಖರೇನವ್ವಾ.” ಹುಡುಗಿ ತಟ್ಟೆಯ ನೀರು ಝಾಡಿಸಿ, “ಇನ್ನೊಂದ ಸರ್ತಿ ನಿಲ್ಲಿಸಿದ್ರ ನಾ ಸಾಲಿಗೆ ಬರಾಂಗಿಲ್ರಿ. ಅವ್ವನ ಜೋಡಿ ಸೈಟಿಗೆ ಹೊಕ್ಕೀನಿ, ಇಟ್ಟಂಗಿ ಹೊರಾಕ” ಅಂದಳು. ಶಾಲೆ ಬಿಟ್ಟು ಇಟ್ಟಿಗೆ ಹೊರುತ್ತೇನೆ ಅನ್ನುವಾಗಲೂ ಹೆದರಿಸುವ ದನಿ ಅಲ್ಲ. ನಾಳೆ ಅಂಗಡಿಗೆ ಹೋಗುತ್ತೇನೆ ಅಂದ ಹಾಗೆ. ಆರನೇ ಕ್ಲಾಸಿನ ಹುಡುಗಿ, ತಲೆಗೆ ಎಣ್ಣೆ ಜಾಸ್ತಿಯಾಗಿ ಹಣೆಯ ಮೇಲೂ ಇಳಿದಿತ್ತು, ಅದನ್ನು ಒರೆಸಬೇಕು ಅನ್ನಿಸಿ ದಾನೇಶ್ವರಿ ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು. ನೋಡುವವರು ನೋಡಬೇಕು, ಕೈ ಹಾಕಬಾರದು. ಇದು ಆಫೀಸಿನ ಮುಖ್ಯಸ್ಥೆ ಶೈಲಾ ಮೇಡಂ ಹೇಳಿಕೊಟ್ಟ ಮೊದಲ ಪಾಠ. ಬೆಳ್ಳಂದೂರಿನ ಗಾಜಿನ ಕಟ್ಟಡವೊಂದರ ಮೂಲೆಯಲ್ಲಿರುವ ದಾನೇಶ್ವರಿಯ ಆಫೀಸಿನ ಕೆಲಸವೇ ಅಷ್ಟು: ಬೇರೆಯವರು ಮಾಡಿದ ಒಳ್ಳೆಯ ಕೆಲಸ ನಿಜವಾಗಿಯೂ ಒಳ್ಳೆಯದೇ ಎಂದು ನೋಡಿ ಬರೆದುಕೊಡುವುದು. ಈ ಸಲದ ಒಳ್ಳೆಯ ಕೆಲಸದ ಹೆಸರು ‘ಜೊತೆಗಿರು’. ಶಾಲೆಯಲ್ಲಿ, ಶಾಲೆಯ ಸುತ್ತಲ ಓಣಿಗಳಲ್ಲಿ ಮಕ್ಕಳು ಮಕ್ಕಳನ್ನು ಗೋಳುಹೊಯ್ದುಕೊಳ್ಳಬಾರದು ಅಂತ ಒಂದು ಕಂಪನಿ ದುಡ್ಡು ಕೊಟ್ಟು ನಡೆಸುತ್ತಿರುವ ಕಾರ್ಯಕ್ರಮ. ಅದು ಬೇರೆ ಶಾಲೆಗಳಿಗೂ ಹೋಗಬೇಕೋ ಬೇಡವೋ ಎಂಬುದು ದಾನೇಶ್ವರಿ ಬರೆಯುವ ವರದಿಯ ಮೇಲೆ ನಿಂತಿದೆ ಎಂದು ಶೈಲಾ ಹೇಳಿದ್ದರು. ಹಾಗೆ ಹೇಳುವಾಗ ಅವರ ಮುಖದಲ್ಲಿ, ಹೋಗಲೇಬೇಕು ಅಂತಲೂ ಇತ್ತು.

ಪಟ್ಟಂದೂರು ಅಗ್ರಹಾರದಲ್ಲಿ ಇಳಿದು, ಟೆಕ್ ಪಾರ್ಕಿನ ಕಾಂಪೌಂಡು ಮುಗಿಯುವವರೆಗೆ ನಡೆದು ಎಡಕ್ಕೆ ತಿರುಗಿದರೆ ಊರು ಇದ್ದಕ್ಕಿದ್ದ ಹಾಗೆ ಕಿರಿದಾಗುತ್ತದೆ. ನೀರಿನ ಟ್ಯಾಂಕರ್ ಓಣಿಗೆ ಅಡ್ಡ ನಿಂತಿತ್ತು. ಅದರ ಪೈಪಿನ ಮೇಲೆ ಕಾಲಿಡದೆ ದಾಟುವಷ್ಟರಲ್ಲಿ ಪಿಳ್ಳಮ್ಮ ನೋಡಿಬಿಟ್ಟರು. ಓಣಿಯ ಅರ್ಧ ಕೋಣೆಗಳ ಒಡತಿ, ‘ಜೊತೆಗಿರು’ದವರು ಆರಿಸಿದ ‘ಓಣಿಯ ಅಜ್ಜಿ’. ಮಕ್ಕಳ ಜಗಳ ಕಂಡರೆ ಬಿಡಿಸಿ ಬುದ್ಧಿ ಹೇಳಬೇಕಾದವರು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಏನವ್ವ, ಇವತ್ತೂ ಬಂದ್ಬುಟ್ಟೆ? ಇಂಗ್ ಬಾ, ಕೂತ್ಕ.”

“ಇಲ್ಲಮ್ಮ, ತಡ ಆಗುತ್ತೆ.”

“ಏನ್ ತಡ, ಶನಿವಾರ ತಾನೆ. ನಮ್ ಆಶಾ ಏಳ್ತಿತ್ತು, ಇವತ್ತು ಕಂಪ್ನಿಯೋರು ಬತ್ತಾರೆ, ವಿಡಿಯೋ ತೆಗೀತಾರೆ ಅಂತ. ಬೆಳಗಾಗೆದ್ದು ಎಲ್ಡು ಜಡೆ ಆಕುಸ್ಕೊಂಡು ಓಯ್ತು. ಸಾರಿ ಕೇಳಾದ್ರಲ್ಲಿ ಇಸ್ಕೂಲ್ಗೇ ಅದೇ ಫಸ್ಟಂತೆ!”

ಪಿಳ್ಳಮ್ಮನ ಮೊಮ್ಮಗಳು ಆಶಾರಾಣಿ, ಆರನೇ ಕ್ಲಾಸಿನ ‘ಸ್ನೇಹದ ಲೀಡರ್’. ದಾನೇಶ್ವರಿ ನಕ್ಕು ಮುಂದೆ ನಡೆದಳು. ಪಿಳ್ಳಮ್ಮನ ಮನೆಯ ಹಿಂದೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಾಲು ಕೋಣೆಗಳು, ಅದರಲ್ಲಿ ಕೊನೆಯದು ಆ ಹುಡುಗಿಯದು. ಗುರುವಾರ ಸಂಜೆ ಅಲ್ಲಿಗೂ ಹೋಗಿದ್ದಳು. ಮನೆಯವರ ಅಭಿಪ್ರಾಯ ಕೇಳುವುದು ಕೆಲಸದ ಭಾಗ. ಹುಡುಗಿಯ ತಾಯಿ ಆಗಷ್ಟೇ ಕಟ್ಟಡದ ಕೆಲಸದಿಂದ ಬಂದು, ಮೊಣಕೈಗೆ ಅಂಟಿದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಾ ಬಾಗಿಲಲ್ಲೇ ನಿಂತು ಮಾತಾಡಿದ್ದಳು. “ಕ್ಷಮಾ ಮಾಡೇನಿ ಅಂತ ಅಂದು ಕುಂತ್ರ ಮುಗೀತಲ್ರಿ, ಬಾಯೇನ್ ಸವೀತೈತೇನು. ಮಾಲಕರ ಮೊಮ್ಮಗಳು ಬಂದು ಕೈ ಹಿಡದು ಕೇಳ್ತಾಳಂದ್ರ ದೊಡ್ಡ ಮಾತದು. ಅವರ ಖೋಲ್ಯಾಗ ಇರೋರು ನಾವು.” ಆಮೇಲೆ ದಾನೇಶ್ವರಿಯ ಮುಖವನ್ನೇ ನೋಡಿ, “ನೀವು ಯಾ ಕಡಿಯೋರ್ರಿ?” ಅಂದಿದ್ದಳು. “ಇಲ್ಲೇ, ಮಹದೇವಪುರ” ಅಂತ ದಾನೇಶ್ವರಿ ಹೇಳಿದ್ದಳು. ಪಿಜಿ ಇರುವುದು ಅಲ್ಲೇ ಆದ್ದರಿಂದ ಅದು ಸುಳ್ಳೂ ಆಗಿರಲಿಲ್ಲ. ಆದರೆ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ತಲೆ ಎತ್ತಿ ನೋಡಿದಳು. ಆ ನೋಟ ಮೆಟ್ಟಿಲು ಇಳಿಯುವವರೆಗೂ ಬೆನ್ನಿಗಿತ್ತು. ದಾನೇಶ್ವರಿ ಯಾವ ಕಡೆಯವಳೆಂದು ಹಿಂದಿನ ದಿನವೇ ಅವಳಿಗೆ ಗೊತ್ತಾಗಿತ್ತಲ್ಲ.

ಬುಧವಾರ ಆದದ್ದು ಅದು. ಮಕ್ಕಳನ್ನು ಗುಂಪಾಗಿ ಕೂರಿಸಿ ಮಾತಾಡಿಸುವ ದಿನ. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ ಅಚ್ಚಾದ ರಟ್ಟುಗಳನ್ನು ಹಂಚಿ, ಶಾಲೆಗೆ ಬರುವಾಗ ನಿಮಗೆ ಹೇಗನ್ನಿಸುತ್ತೆ ಅಂತ ಕೇಳಿದರೆ ಎಲ್ಲರೂ ಆಶಾರಾಣಿ ಯಾವ ರಟ್ಟು ಎತ್ತುತ್ತಾಳೆಂದು ನೋಡಿ ನಗುವ ಮುಖವನ್ನೇ ಎತ್ತಿದರು. ಹಿಂದಿನ ಸಾಲಿನ ಒಬ್ಬಳು ಮಾತ್ರ ಎತ್ತಿದ ರಟ್ಟನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡುತ್ತಿದ್ದಳು, ಅದರಲ್ಲಿ ಯಾರಿದ್ದಾರೆ ಅನ್ನುವ ಹಾಗೆ. ನಿನ್ನ ಹೆಸರೇನು ಅಂದರೆ “ಮಲ್ಲಿಕಾ” ಅಂದಳು. ಆ ಕಾ ಅವಳದಾಗಿರಲಿಲ್ಲ. ಎರವಲು ಚಪ್ಪಲಿ ಹಾಕಿಕೊಂಡು ನಡೆದ ಹಾಗಿತ್ತು. ದಾನೇಶ್ವರಿಗೆ ಆಗ ಏನಾಯಿತೋ. ಅಷ್ಟು ದಿನ ಹಿಡಿದಿಟ್ಟಿದ್ದ ನಾಲಗೆ ತನ್ನಷ್ಟಕ್ಕೇ ಜಾರಿ, “ಮನ್ಯಾಗ ಏನಂತ ಕರೀತಾರ?” ಅಂದುಬಿಟ್ಟಿತು. ಹುಡುಗಿಯ ಮುಖ ಹೊತ್ತಿಕೊಂಡಿತು. ಎಷ್ಟೋ ದಿನದಿಂದ ಯಾರೂ ಕೇಳದೆ ಇದ್ದದ್ದನ್ನು ಕೇಳಿದ ಖುಷಿಗೆ ಇಡೀ ಕ್ಲಾಸು ಮರೆತು, ಗಟ್ಟಿಯಾಗಿ, “ಮಲಕವ್ವ ಅಂತಾರ್ರಿ! ನಮ್ಮ ಆಯಿ ಹೆಸರ್ರಿ!” ಅಂದಳು, ಅಜ್ಜಿಯ ಹೆಸರೆಂಬ ಹೆಮ್ಮೆಯಿಂದ. ಆಮೇಲೆ ಒಬ್ಬ ಹುಡುಗ, ಮೆಲ್ಲಗೆ, ಬಹಳ ಮೆಲ್ಲಗೆ, “ಅವ್ವೋ” ಅಂದ.

ಆಮೇಲೆ ಸ್ಟಾಫ್ ರೂಮಿನಲ್ಲಿ ಕ್ಲಾಸ್ ಟೀಚರ್ ವಸಂತಮ್ಮ ಹಣೆ ಚಚ್ಚಿಕೊಂಡರು. “ಅಯ್ಯೋ ಮೇಡಂ, ಕೇಳೋಕ್ ಹೋದ್ರಾ? ಬಂದ ದಿನಾನೇ ನಾನೇ ಅವಳಿಗೆ ಮಲ್ಲಿಕಾ ಅಂತ ಇಟ್ಬಿಟ್ಟಿದ್ದೆ ಕಣ್ರೀ. ಆ ಹೆಸ್ರು ಕೇಳಿದ್ರೆ ನಮ್ ಮಕ್ಳು ಬಿಡ್ತಾವಾ? ಅವಳಿಗೂ ಹೇಳಿದ್ದೆ, ಮನೇದು ಮನೇಲೇ ಇರ್ಲಿ ಪುಟ್ಟ ಅಂತ. ಶಶಿಕುಮಾರ್ ಸಾರೂ ಇದು ಒಳ್ಳೆ ಐಡಿಯಾ ಅಂತ ಫೋಟೋ ತಗೊಂಡಿದ್ರು.” ವಸಂತಮ್ಮ ಕೆಟ್ಟವರಲ್ಲ. ತಮ್ಮ ಡಬ್ಬಿಯಿಂದ ಒಂದು ಚಪಾತಿ ಆ ಹುಡುಗಿಗೆ ದಿನಾ ಎತ್ತಿಡುವವರು. ಹೆಸರನ್ನೂ ಹಾಗೇ, ಚಳಿಗೆ ಹಳೇ ಸ್ವೆಟರ್ ಕೊಟ್ಟ ಹಾಗೆ ಕೊಟ್ಟಿದ್ದರು. ದಾನೇಶ್ವರಿ ಅಲ್ಲೇ ಕೂತು, ಆ ಸ್ವೆಟರನ್ನು ತಾನು ಬಿಚ್ಚಿದ್ದು ಯಾಕೆ ಎಂದು ಯೋಚಿಸಿದಳು. ಬಿಚ್ಚಿದ್ದು ಪ್ರೀತಿಗೆ. ಪ್ರೀತಿಗೋ, ಅಥವಾ ತನ್ನ ನಾಲಗೆಗೆ ಒಂದು ಗಳಿಗೆ ಬಿಡುವು ಬೇಕಾಗಿತ್ತೋ. ವರದಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಅಳೆಯಲು ಹೋದವಳು ಅಳತೆಗೋಲಿನಿಂದ ಹೊಡೆದು ಬಂದಳು ಎಂದು ಯಾವ ಅಧ್ಯಾಯದಲ್ಲಿ ಬರೆಯುವುದು.

ಶಾಲೆಯ ಗೇಟಿನಲ್ಲಿ ಬಲೂನು ಕಟ್ಟುತ್ತಿದ್ದರು. ಶಶಿಕುಮಾರ್ ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ಟೇಪು ಕಚ್ಚಿಕೊಂಡು, ಕೈಯೆತ್ತಿ ನಮಸ್ಕಾರ ಮಾಡಿದ. ಬಡಪಾಯಿ, ಒಳ್ಳೆಯವನು. ‘ಜೊತೆಗಿರು’ ಎಂದು ಬರೆದ ಹಳದಿ ಟಿ–ಶರ್ಟು ಬೆವರಿಗೆ ಬೆನ್ನಿಗಂಟಿತ್ತು. ಈಗ ಹೇಳಬಹುದಿತ್ತು. ಅವನು ಸ್ಟೂಲಿನ ಮೇಲಿದ್ದ, ಬಾಯಲ್ಲಿ ಟೇಪಿತ್ತು, ‘ಯಾಕೆ’ ಅಂತ ಕೇಳಲು ಬರುತ್ತಿರಲಿಲ್ಲ. “ಶಶಿಕುಮಾರ್, ಒಂದ್ ಮಾತು” ಅಂದಳು. ಅವನು ಟೇಪು ತೆಗೆದು, “ಹೇಳಿ ಮೇಡಂ, ಹೇಳಿ. ಒಂದ್ನಿಮಿಷ, ಈ ಬಲೂನ್ ಹಿಡ್ಕೊಳ್ತೀರಾ?” ಅಂದ. ಅವಳು ಬಲೂನು ಹಿಡಿದುಕೊಂಡಳು. “ಇವತ್ತು ಸಕ್ಕತ್ತಾಗಿ ಆಗ್ಬೇಕು ಮೇಡಂ. ಕಂಪ್ನಿಯವ್ರು ಸುತ್ತು ಲೈವ್ ನೋಡ್ಬೇಕು ಅಂದಿದಾರೆ. ಈ ವಾರ ಬೇರೆ ಮಲ್ಲಿಕಾದು ದೊಡ್ಡ ಕೇಸು. ಹೆಸ್ರಿಟ್ಟು ರೇಗಿಸಿದ್ರಂತೆ, ಇಡೀ ಕ್ಲಾಸು. ಎಲ್ರೂ ಸಾಲಾಗಿ ಬಂದು ಸಾರಿ ಕೇಳ್ತಾರೆ ನೋಡಿ, ಕಣ್ಣಲ್ಲಿ ನೀರ್ ಬರುತ್ತೆ ನಿಮ್ಗೆ. ಏನೋ ಹೇಳ್ತೀನಿ ಅಂದ್ರಿ?” ಬಲೂನು ಅವಳ ಎದೆಗೆ ಒತ್ತಿ ಕೀರಲು ಸದ್ದು ಮಾಡಿತು. “ಏನಿಲ್ಲ, ಚೇರ್ ಎಲ್ಲಿ ಹಾಕಿಸ್ತೀರಿ ಅಂತ.” “ನಿಮ್ದು ಫ್ರಂಟ್ ರೋ ಮೇಡಂ!”

ಸುತ್ತು ಅಂದರೆ ಇಷ್ಟೇ. ವಾರದಲ್ಲಿ ನೊಂದ ಮಗು ನಡುವೆ ನಿಲ್ಲಬೇಕು, ಉಳಿದವರು ಸುತ್ತ ಕೂರಬೇಕು. ನೋಯಿಸಿದವರು ಒಬ್ಬೊಬ್ಬರಾಗಿ ಎದ್ದು ಬಂದು ಎರಡೂ ಕೈ ಹಿಡಿದು ಕ್ಷಮಿಸು ಅನ್ನಬೇಕು. ನಡುವೆ ನಿಂತವರು ಎಲ್ಲರಿಗೂ ಕೇಳುವ ಹಾಗೆ, ‘ಕ್ಷಮಿಸಿದೆ, ನಾವು ಗೆಳೆಯರು’ ಅನ್ನಬೇಕು. ಚಪ್ಪಾಳೆ. ಕ್ಷಮೆ ಕೇಳಿದವರ ಹೆಸರಿನ ಮುಂದೆ ಗೋಡೆಯ ಚಾರ್ಟಿನಲ್ಲಿ ಬಂಗಾರದ ಬಣ್ಣದ ನಕ್ಷತ್ರ. ಆಶಾರಾಣಿಯ ಹೆಸರಿನ ಮುಂದೆ ನಕ್ಷತ್ರಗಳು ಸಾಲು ಮೀರಿ ಗೋಡೆಗೇ ಹತ್ತಿದ್ದವು. ಮಲ್ಲಿಕಾ ಹೆಸರಿನ ಮುಂದೆ ಒಂದೂ ಇರಲಿಲ್ಲ, ಅವಳು ಯಾರ ಕ್ಷಮೆಯನ್ನೂ ಕೇಳಿದವಳಲ್ಲವಲ್ಲ. ನಲ್ಲಿಯ ಹತ್ತಿರ ಹುಡುಗಿ ಹೇಳಿದ್ದಳು, “ಶುಕ್ರವಾರ ಬಂತಂದ್ರ ಅವರಿಗೆ ನಾ ಬೇಕಾಕ್ಕೀನ್ರಿ. ಏನರ ಮಾಡಿದ್ರ ಅಲ್ಲೇನ್ರಿ, ನಾಳೆ ಚುಕ್ಕಿ ಸಿಗೂದು?” ಹೇಳಿ ನಕ್ಕಿದ್ದಳು ಬೇರೆ. ಆ ನಗೆ ದಾನೇಶ್ವರಿಗೆ ಗೊತ್ತಿತ್ತು. ತನಗೆ ಬಿದ್ದ ಏಟಿನ ಜಾಣತನವನ್ನು ತಾನೇ ಮೆಚ್ಚುವ ನಗೆ. ಹುಡುಗಿ ನಡುವೆ ನಿಂತು ‘ಕ್ಷಮಾ ಮಾಡೇನಿ’ ಅಂದರೆ ಎಲ್ಲರೂ ಕಿಸಕ್ಕೆನ್ನುತ್ತಾರೆ, ಶಶಿಕುಮಾರ್ ಪ್ರೀತಿಯಿಂದ ‘ಇನ್ನೊಂದ್ಸಲ ಪುಟ್ಟ, ಕ್ಷಮಿಸಿದೆ ಅನ್ನು, ಗಟ್ಟಿಯಾಗಿ’ ಅನ್ನುತ್ತಾನೆ, ಅವಳು ಮತ್ತೆ ಅನ್ನುತ್ತಾಳೆ, ಆಶಾರಾಣಿ ಹಿಡಿದ ಕೈ ಬಿಡದೆ, ಮುಖದಲ್ಲಿ ದಯೆ ತುಂಬಿಕೊಂಡು, ಸರಿಯಾಗಿ ಬರುವವರೆಗೆ ಕಾಯುತ್ತಾಳೆ.

ನಿನ್ನೆ ಶುಕ್ರವಾರ. ದಾನೇಶ್ವರಿ ಕಾರಿಡಾರಿನ ಕಂಬದ ಹತ್ತಿರ ನಿಂತು ಎಲ್ಲವನ್ನೂ ನೋಡಿದ್ದಳು. ಮೊದಲು ‘ಅವ್ವೋ’ ಅಂದಿದ್ದ ಆ ಹುಡುಗ, ಅವನ ಹಿಂದೆ ಇನ್ನಿಬ್ಬರು, ಆಮೇಲೆ ಹುಡುಗಿಯರೂ, ಸೊಂಟ ಬಗ್ಗಿಸಿ, ನೀರಿನ ಬಾಟಲಿಯನ್ನೇ ಕೋಲು ಮಾಡಿಕೊಂಡು, ಬೊಚ್ಚುಬಾಯಿ ಮಾಡಿ, ‘ಅವ್ವೋ ಮಲಕವ್ವೋ, ರೊಟ್ಟಿ ಕೊಡವ್ವೋ’ ಎಂದು ಆ ಹುಡುಗಿಯ ಹಿಂದೆ ಮೆರವಣಿಗೆ ಹೊರಟರು. “ಮಗಾ, ಇನ್ನೂ ಬಗ್ಗೋ, ಅಜ್ಜಿ ಅಂದ್ರೆ ಇಷ್ಟೇನಾ!” “ಗುರು, ನಾಳೆ ನಾನ್ ಫಸ್ಟ್ ಸಾರಿ ಕೇಳೋದು, ನೀನು ಆಮೇಲೆ.” ಹುಡುಗಿ ಓಡಲಿಲ್ಲ. ಸಾಮಾನ್ಯವಾಗಿ ನಡೆಯುವ ಹಾಗೇ ನಡೆದಳು, ಅವಳ ಅಜ್ಜಿಯರ ಮೆರವಣಿಗೆ ಹಿಂದೆ. ಕಂಬ ದಾಟುವಾಗ ದಾನೇಶ್ವರಿಯ ಕಡೆ ನೋಡಿದಳು. ಆಗ ದಾನೇಶ್ವರಿ, ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ, ಪೆನ್ನು ತೆಗೆದು ಏನೋ ಬರೆದುಕೊಳ್ಳುವವಳ ಹಾಗೆ ತಲೆ ತಗ್ಗಿಸಿದಳು. ಬರೆದದ್ದು ಏನೂ ಇಲ್ಲ. ಗೆರೆ.

ಅದೇ ದಿನ ಮಧ್ಯಾಹ್ನ ಆಫೀಸಿಗೆ ಹೋದಾಗ ಊಟದ ಮೇಜಿನಲ್ಲಿ ಹೊಸಬಳೊಬ್ಬಳಿದ್ದಳು. “ದಾನಿ, ಇವಳಿಗೆ ನಿಮ್ಮಮ್ಮನ ಫೋನ್ ಕಾಲ್ ಮಾಡಿ ತೋರ್ಸೇ, ಪ್ಲೀಸ್” ಅಂತ ಶೈಲಾ ಮೇಡಮ್ಮೇ ಅಂದರು. ಆಫೀಸಿನಲ್ಲಿ ಅವಳು ದಾನಿ. ಆಫೀಸಿನಲ್ಲಿ ಅವಳು ಇಷ್ಟವಾಗುವುದೇ ಇದರಿಂದ. ಚಮಚವನ್ನು ಕಿವಿಗಿಟ್ಟುಕೊಂಡು, ಕಣ್ಣು ಕಿರಿದು ಮಾಡಿ, “ಏ ದಾನೂ, ಉಂಡೀಯೇನವ್ವಾ? ಏನ್ ಉಂಡಿ? ಅನ್ನಾನ? ಬರೇ ಅನ್ನ ಉಂಡ್ರ ಹೊಟ್ಟಿ ತುಂಬತೈತೇನ ಯವ್ವಾ, ಅಲ್ಲೆ ರೊಟ್ಟಿ ಬಡಿಯೋರು ಒಬ್ಬರೂ ಇಲ್ಲೇನ?” ಅಂದರೆ ಸಾಕು, ಮೇಜು ಬಡಿದು ನಗುತ್ತಾರೆ. ಮೊದಲ ಸಲ ಮಾಡಿದ್ದು ಯಾಕೆಂದು ಅವಳಿಗೆ ಗೊತ್ತು. ಅವರಾಗೇ ನಗುವುದಕ್ಕೆ ಮುಂಚೆ ತಾನೇ ನಗಿಸಿಬಿಟ್ಟರೆ ಆ ನಗೆಯ ಹಗ್ಗ ತನ್ನ ಕೈಯಲ್ಲಿರುತ್ತದೆ. ಈಗೀಗ ಅವ್ವ ನಿಜವಾಗಿ ಫೋನ್ ಮಾಡಿದಾಗ ‘ಉಂಡೀಯೇನವ್ವಾ’ ಅಂದ ತಕ್ಷಣ ದಾನೇಶ್ವರಿಗೆ ಒಳಗೆಲ್ಲೋ ಮೇಜು ಬಡಿದ ಸದ್ದು ಕೇಳುತ್ತದೆ. ಅವ್ವ ಚೆನ್ನಾಗಿ ಮಾಡುತ್ತಿಲ್ಲ ಅನ್ನಿಸುತ್ತದೆ. ನಿನ್ನೆಯೂ ಮಾಡಿ ತೋರಿಸಿದಳು. ಕಾರಿಡಾರಿನ ಕಂಬದಿಂದ ನೇರ ಆ ಮೇಜಿಗೆ ಹೋಗಿ, ಚಮಚ ಎತ್ತಿಕೊಂಡು. ಹೊಸಬಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಅವ್ರು ನಿಜವಾಗ್ಲೂ ಹೀಗೇ ಮಾತಾಡ್ತಾರಾ?” ಅಂದಳು. “ಹೂಂ, ಹೀಗೇ” ಅಂದಳು ದಾನೇಶ್ವರಿ, ಮೆಟ್ರೋದ ದನಿಯಲ್ಲಿ.

ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಅಂಗಳಕ್ಕೆ ಬಂದು ದುಂಡಗೆ ಕೂತರು. ಕಂಪನಿಯವರು ಕಾರಿನಿಂದಿಳಿದು, ಕೈ ಜೋಡಿಸುತ್ತಾ, ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಾ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಎಳನೀರು ಬಂತು. ದಾನೇಶ್ವರಿ ಇನ್ನೊಮ್ಮೆ ಪ್ರಯತ್ನಿಸಿದಳು, ವಸಂತಮ್ಮನ ಹತ್ತಿರ, ಪಕ್ಕದಿಂದ ಬಗ್ಗಿ. “ಟೀಚರ್, ಮಲ್ಲಿಕಾನ ಇವತ್ತು...” ವಸಂತಮ್ಮ ತಿರುಗಿ, ಕಣ್ಣಲ್ಲಿ ನಿಜವಾದ ಕಾಳಜಿ ತುಂಬಿ, “ಹೂಂ ಮೇಡಂ, ಪಾಪ ಕಣ್ರೀ. ನಾನೇ ಜಡೆ ಹಾಕಿ ಹೂವ ಮುಡಿಸಿದೀನಿ, ವಿಡಿಯೋದಲ್ಲಿ ಚೆನ್ನಾಗ್ ಕಾಣ್ಲಿ ಅಂತ” ಅಂದರು. ಅಲ್ಲಿ, ಸುತ್ತಿನ ಆಚೆ ಬದಿಯಲ್ಲಿ, ಕನಕಾಂಬರ ಮುಡಿದ ಮಲಕವ್ವ ಕೂತಿದ್ದಳು. ಅಕ್ಕಪಕ್ಕದವರು ಅವಳಿಂದ ಒಂದು ಗೇಣು ಜಾಗ ಬಿಟ್ಟಿದ್ದರು, ಆದರೆ ದಾನೇಶ್ವರಿಯ ಕಡೆ ನೋಡಿದ ಅವಳ ಮುಖದಲ್ಲಿ ಭಯವಿರಲಿಲ್ಲ. ನಿಶ್ಚಿಂತೆಯಿತ್ತು. ಹೇಳಿಯಾಗಿದೆ ಅಂದುಕೊಂಡಿದ್ದಳು! ಖರೇನ ಅಂತ ಕೇಳಿ, ಖರೇನವ್ವಾ ಅನ್ನಿಸಿಕೊಂಡವಳು. ದಾನೇಶ್ವರಿಗೆ ಎದ್ದು ಗೇಟಿನಿಂದ ಆಚೆ ಹೋಗಿ, ಟ್ಯಾಂಕರ್ ದಾಟಿ, ಮೆಟ್ರೋ ಹತ್ತಿ ಕೊನೆಯ ನಿಲ್ದಾಣದವರೆಗೂ ಹೋಗಿಬಿಡಬೇಕು ಅನ್ನಿಸಿತು. ಕೈಯಲ್ಲಿದ್ದ ಎಳನೀರು ತಣ್ಣಗಿತ್ತು, ಕುಡಿಯಲೂ ಇಡಲೂ ಆಗಲಿಲ್ಲ.

ಶಶಿಕುಮಾರ್ ಮೈಕು ತಟ್ಟಿದ. ನಮ್ಮ ಶಾಲೆಯಲ್ಲಿ ಈಗ ದೂರುಗಳೇ ಇಲ್ಲ, ಬರೀ ಕ್ಷಮೆ, ಅಂದ. ಕಂಪನಿಯವರು ತಲೆದೂಗಿದರು. ಪಿಳ್ಳಮ್ಮ ಅವರೆಕಾಯಿ ಬಿಟ್ಟು ಬಂದು ಗೇಟಿಗೊರಗಿ ನಿಂತಿದ್ದರು, ಮೊಮ್ಮಗಳನ್ನು ನೋಡಲು. “ಈಗ ಸ್ನೇಹದ ಸುತ್ತು. ಈ ವಾರ ನಮ್ಮೆಲ್ಲರನ್ನೂ ಕ್ಷಮಿಸೋಕೆ ನಡುವೆ ಬರ್ತಿರೋದು, ನಮ್ಮ ಪುಟ್ಟ ಗೆಳತಿ ಮಲ್ಲಿಕಾ!” ಚಪ್ಪಾಳೆ. ಹುಡುಗಿ ಏಳಲಿಲ್ಲ. ತನ್ನ ಹೆಸರಲ್ಲ ಅನ್ನುವ ಹಾಗೆ ಕೂತೇ ಇದ್ದಳು. ಆಮೇಲೆ ದಾನೇಶ್ವರಿಯ ಕಡೆ ನೋಡಿದಳು. ನೋಡುತ್ತಾ ಇರುವಾಗಲೇ ಆ ಮುಖದಿಂದ ಏನೋ ಹೊರಟುಹೋಯಿತು, ಗದ್ದಲವಿಲ್ಲದೆ, ಕೋಣೆ ಖಾಲಿ ಮಾಡಿ ಬೀಗದಕೈ ಕೊಟ್ಟು ಹೋದ ಹಾಗೆ. “ಏಳು ಪುಟ್ಟ, ಬಾ, ನಾಚ್ಕೋಬಾರ್ದು” ಅಂದ ಶಶಿಕುಮಾರ್. ಆಶಾರಾಣಿ ಆಗಲೇ ಎದ್ದು, ಲಂಗ ಸರಿಮಾಡಿಕೊಂಡು, ಎರಡು ಜಡೆ ಮುಂದಕ್ಕೆ ಹಾಕಿಕೊಂಡು ಸಾಲಿನ ತುದಿಯಲ್ಲಿ ನಿಂತಿದ್ದಳು. ಅವಳ ಹಿಂದೆ ಆ ಹುಡುಗ, ಅವನ ಹಿಂದೆ ಮಿಕ್ಕವರು. ನಿನ್ನೆಯದೇ ಮೆರವಣಿಗೆ, ಈಗ ಬೆನ್ನು ನೆಟ್ಟಗೆ. ಮಲಕವ್ವ ಎದ್ದಳು. ನಡುವಿನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಫೋನುಗಳು ಮೇಲೆದ್ದವು.

ದಾನೇಶ್ವರಿ ಎದ್ದು ನಿಂತದ್ದು ಅವಳಿಗೇ ಎಳನೀರು ಚೆಲ್ಲಿ ಕಾಲು ಒದ್ದೆಯಾದಾಗ ಗೊತ್ತಾಯಿತು. ಬಾಯೊಳಗೆ ಬೆಳಗಿನಿಂದ ಹೊರಳುತ್ತಿದ್ದ ವಾಕ್ಯವನ್ನು ಹುಡುಕಿದಳು. ಅದರ ಎಲ್ಲ ಪದಗಳೂ ಇದ್ದವು, ದನಿ ಇರಲಿಲ್ಲ. ಮೆಟ್ರೋದ ಹೆಂಗಸು ಯಾವುದೋ ನಿಲ್ದಾಣದಲ್ಲಿ ಇಳಿದುಹೋಗಿದ್ದಳು. ಆ ಖಾಲಿಯಲ್ಲಿ, ಹೊಟ್ಟೆಯ ಕೆಳಗಿನಿಂದ, ಅವ್ವನ ದನಿ ಬಂತು.

“ಏ ತಡೀರಿ, ತಡೀರಿ! ಆ ಹುಡಿಗಿನ್ನ ಯಾಕ ನಿಲ್ಲಸ್ತೀರೋ ಯಪ್ಪಾ? ಏನ್ ತಪ್ಪ ಮಾಡ್ಯಾಳಂತ ಬಿಸಲಾಗ ಆಕಿನ್ನ ನಿಲ್ಲಸೋದು? ತಪ್ಪ ಮಾಡಿದೋರು ನೀವು, ಕ್ಷಮಾ ಮಾಡಂತ ಆಕಿನ್ನ ಕಾಡೋರೂ ನೀವ! ಬಿಡ್ರಿ ಆಕಿನ್ನ, ಕುಂಡ್ರಲಿ! ಮೊದ್ಲ ನನ್ನ ನಿಲ್ಲಸ್ರಿ, ಮನ್ಯಾಗಿನ ಹೆಸರ ಬೀದ್ಯಾಗ ಕೇಳಿದಾಕಿ ನಾನು!”

ದಾನೇಶ್ವರಿಗೆ ಅಳು ಬರುತ್ತಿತ್ತು, ಅದು ಮಾತ್ರ ನಿಜ ಎಂದು ಆಮೇಲೂ ಅವಳು ಆಣೆ ಮಾಡಿ ಹೇಳಬಲ್ಲವಳಾಗಿದ್ದಳು. ಆದರೆ ದನಿ ಏರಿದ ರೀತಿ, ‘ಯಪ್ಪಾ’ದಲ್ಲಿ ಎಳೆದ ರಾಗ, ಕಣ್ಣು ಕಿರಿದು ಮಾಡಿದ್ದು, ಕಿವಿಯ ಹತ್ತಿರಕ್ಕೆ ಹೋದ ಎಡಗೈ, ಇವೆಲ್ಲ ಊಟದ ಮೇಜಿನಲ್ಲಿ ತಿದ್ದಿ ತೀಡಿ ಹದವಾದವು. ಎಲ್ಲೆಲ್ಲಿ ನಗು ಬರಬೇಕೋ ಅಲ್ಲಲ್ಲಿಗೆ ಅವು ತಾವೇ ಹೋಗಿ ನಿಂತವು. ಮೊದಲು ನಕ್ಕವರು ಕಂಪನಿಯ ಹೆಂಗಸೊಬ್ಬರು, ಎಳನೀರಿನ ನಳಿಕೆ ಬಾಯಲ್ಲಿ ಇಟ್ಟುಕೊಂಡೇ. ಆಮೇಲೆ ಆ ಹುಡುಗ. ಆಮೇಲೆ ಒಡ್ಡು ಒಡೆದ ಹಾಗೆ ಇಡೀ ಅಂಗಳ. “ಸೂಪರ್ ಮೇಡಂ!” ಶಶಿಕುಮಾರ್ ಮೈಕಿನಲ್ಲೇ ಕೂಗಿದ. “ನೀವು ಆ ಕಡೆಯವ್ರು ಅಂತ ಹೇಳೇ ಇಲ್ವಲ್ಲ! ನೋಡಿ ಮಕ್ಳೇ, ಮೇಡಂ ನಮಗೋಸ್ಕರ ಒಂದು ಆಕ್ಟಿಂಗ್ ಮಾಡಿ ತೋರಿಸ್ತಿದಾರೆ!” ಗೇಟಿನ ಹತ್ತಿರ ಪಿಳ್ಳಮ್ಮ ಸೆರಗು ಬಾಯಿಗೊತ್ತಿಕೊಂಡು, “ಅಯ್ಯೋ, ಎಂಗ್ ಮಾತಾಡ್ತದೆ ನೋಡು ಇದು!” ಅಂದರು. ವಸಂತಮ್ಮನೂ ನಗುತ್ತಿದ್ದರು, ತಪ್ಪೆಂದು ಗೊತ್ತಿದ್ದವರ ಹಾಗೆ ತಲೆ ತಗ್ಗಿಸಿ. ಅಲ್ಲ, ಅಲ್ಲ, ನಾನು ನಿಜವಾಗಿ, ಅನ್ನಲು ದಾನೇಶ್ವರಿ ಬಾಯಿ ತೆರೆದಳು. ಆ ತೆರೆದ ಬಾಯಿಗೂ ನಕ್ಕರು.

ಸಾಲು ಚದುರಿತ್ತು. ಕ್ಷಮೆ ಕೇಳಲು ನಿಂತಿದ್ದವರು ನಗುತ್ತಾ ಒಬ್ಬರ ಮೇಲೊಬ್ಬರು ಬಿದ್ದು ಅಲ್ಲಲ್ಲೇ ಕೂತುಬಿಟ್ಟಿದ್ದರು. ನಡುವಿನ ಜಾಗ ಖಾಲಿಯಿತ್ತು. ದಾನೇಶ್ವರಿ ಮಲಕವ್ವನನ್ನು ಹುಡುಕಿದಳು. ಗೇಟಿನ ಕಡೆ ಓಡಿಹೋದಳೇ ಎಂದು ನೋಡಿದಳು, ಇಲ್ಲ. ಅವಳೂ ಕೂತಿದ್ದಳು, ಹುಡುಗಿಯರ ಗುಂಪಿನ ನಡುವೆ, ಸಿಕ್ಕಿದ ಜಾಗದಲ್ಲಿ. ಆಶಾರಾಣಿ ನಗು ತಡೆಯಲಾರದೆ ಅವಳ ಹೆಗಲ ಮೇಲೆ ಹಣೆಯಿಟ್ಟಿದ್ದಳು, ಕನಕಾಂಬರ ಜಜ್ಜಿಹೋಗುತ್ತಿತ್ತು. ಮಲಕವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡಳು ದಾನೇಶ್ವರಿ. ಆಗ ಕೈ ಸರಿಯಿತು. ಅವಳು ನಗುತ್ತಿದ್ದಳು. ಮೈಯೆಲ್ಲ ಕುಲುಕಿಸಿಕೊಂಡು, ಹಲ್ಲು ಕಾಣುವ ಹಾಗೆ, ಅಷ್ಟು ಮಂದಿಯ ಜೊತೆಗೆ ಒಂದೇ ಕಡೆ ಕೂತು ನಗುವ ಸುಖ ಮೊದಲ ಸಲ ಗೊತ್ತಾದವಳ ಹಾಗೆ. ಕಣ್ಣಿಗೆ ಕಣ್ಣು ಸೇರಿತು. ಆ ಕಣ್ಣಲ್ಲಿ ಉಪಕಾರವಿತ್ತೋ ಸೇಡಿತ್ತೋ, ಅಥವಾ ಎರಡೂ ಇಲ್ಲದೆ ಬರೀ ಹಬ್ಬವಿತ್ತೋ, ದಾನೇಶ್ವರಿಗೆ ತಿಳಿಯಲಿಲ್ಲ. ಹುಡುಗಿ ಮೊಣಕಾಲ ಮೇಲೆದ್ದು, ಕತ್ತು ಚಾಚಿ, ತನ್ನದೇ ಮಾತಿನಲ್ಲಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದಳು.

“ಇನ್ನೊಮ್ಮೆ ಅನ್ರೀ ಅಕ್ಕಾರ!”

ಆ ಮಾತಿಗೆ ಯಾರೂ ಅವಳನ್ನು ನೋಡಿ ನಗಲಿಲ್ಲ. ಯಾರೂ ಅವಳ ಕಡೆ ತಿರುಗಲೂ ಇಲ್ಲ. ಎಲ್ಲರ ಕಣ್ಣೂ ದಾನೇಶ್ವರಿಯ ಮೇಲಿತ್ತು. “ಹೂಂ ಅಕ್ಕಾ, ಒನ್ಸ್ ಮೋರ್, ಒನ್ಸ್ ಮೋರ್!” ಆಶಾರಾಣಿ ಚಪ್ಪಾಳೆಗೆ ತಾಳ ಹಾಕಿದಳು, ಪಕ್ಕದಲ್ಲಿ ಮಲಕವ್ವನೂ, ಒಂದು ಹೊಡೆತವೂ ತಪ್ಪದೆ. ಸುತ್ತಿನ ನಡುವಿನ ಖಾಲಿ ಜಾಗಕ್ಕೆ ಬಿಸಿಲು ಬಿದ್ದಿತ್ತು. ಯಾರಾದರೂ ಒಬ್ಬರು ಅಲ್ಲಿ ನಿಲ್ಲಲೇಬೇಕಾಗಿತ್ತು. ದಾನೇಶ್ವರಿ ಕುರ್ಚಿಗಳ ಸಾಲು ಬಿಟ್ಟು, ಒದ್ದೆ ಕಾಲಿಗೆ ಮಣ್ಣು ಮೆತ್ತಿಕೊಳ್ಳುತ್ತಾ, ಅಲ್ಲಿಗೆ ನಡೆದಳು. ಎಡಗೈಯನ್ನು ಕಿವಿಯ ಹತ್ತಿರಕ್ಕೆ ಒಯ್ದಳು. ಕಣ್ಣು ಕಿರಿದು ಮಾಡಿದಳು.

“ಏ ತಡೀರಿ, ತಡೀರಿ” ಅಂದಳು.

ಮೊದಲ ಸಲಕ್ಕಿಂತ ಚೆನ್ನಾಗಿ ಬಂತು.